ಮುಳ್ಳುಗಿಡದ ಬುಡದ ಅವ್ವ

ಕಾರಿನ ಕೀಲಿ ಸಿಕ್ಕಿತು ಎಂದು ಗಂಡ ಸಂಗನಬಸಪ್ಪ ಮೆಟ್ಟಿಲ ಮೇಲಿಂದ ಹೇಳಿದಾಗ ಶರಣಮ್ಮನಿಗೆ ನಗು ಬಂತು. ನಗುವ ಹೊತ್ತಲ್ಲ ಅದು. ಅಡುಗೆಮನೆಯ ಸಿಂಕಿಗೆ ಹೊಟ್ಟೆ ಒತ್ತಿ ನಿಂತು, ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ನಕ್ಕಳು. ಕೀಲಿ ಸಿಗದಿರಲಿ ಎಂದು ಅವಳೇ ಅದನ್ನು ಅಕ್ಕಿ ಡಬ್ಬಿಯ ಹಿಂದೆ ಸರಿಸಿಟ್ಟಿದ್ದಳು, ಅರವತ್ತಾರನೆಯ ವಯಸ್ಸಿನಲ್ಲಿ, ಬೆಳಿಗ್ಗೆ ಎದ್ದವಳೇ ಕಳ್ಳಿಯ ಹಾಗೆ. ಅಂವ ಅಕ್ಕಿ ಡಬ್ಬಿಯ ಹಿಂದೆಯೇ ಮೊದಲು ಹುಡುಕಿದ್ದ. ನಲವತ್ತೊಂದು ವರ್ಷ ಒಂದೇ ಸೂರಿನ ಕೆಳಗೆ ಇದ್ದವರಿಂದ ಏನನ್ನಾದರೂ ಮುಚ್ಚಿಡುವುದು ಹೇಗೆ ಎಂದು ಯಾರಾದರೂ ಕ್ಲಾಸು ನಡೆಸಿದರೆ ಅದಕ್ಕೂ ಹೆಸರು ಕೊಡಬೇಕು ಅನ್ನಿಸಿತು. ಇವತ್ತು ಮಂಗಳವಾರ. ಇವತ್ತು ಅಂವ ಗುಡ್ಡಕ್ಕೆ ಬರುತ್ತಾನೆ, ಟೈ ಕಟ್ಟಿಕೊಂಡು ಬರುತ್ತಾನೆ, ಗುಡ್ಡದ ಮೇಲೆ ಅವಳು ಎಂಟು ತಿಂಗಳಿಂದ ಮಾಡಿಟ್ಟದ್ದನ್ನು ನೋಡುತ್ತಾನೆ. ಅಷ್ಟೇ. ಆಮೇಲೆ ಏನು? ಆಮೇಲೆ ಎಂಬುದನ್ನು ಯೋಚಿಸಹೋದರೆ ತಲೆ ಗಿರ್ರೆನ್ನುತ್ತಿತ್ತು. ಆ ಗಿರ್ರೆನ್ನುವುದೂ ಚಲೋ ಅನ್ನಿಸುತ್ತಿತ್ತು. ಅದೇ ನಾಚಿಕೆಗೇಡು.

ಕ್ಲಾಸಿನ ದೆಸೆಯಿಂದ ಆದದ್ದು ಎಲ್ಲ. ಇಂಗ್ಲೆಂಡಿನ ಈ ಹಡರ್ಸ್‌ಫೀಲ್ಡ್ ಊರಿನ ಲೈಬ್ರರಿಯ ಹಿಂದಿನ ಕೋಣೆಯಲ್ಲಿ, ಮಂಗಳವಾರ ಮಧ್ಯಾಹ್ನ ಎರಡಕ್ಕೆ, ವಯಸ್ಸಾದವರಿಗೆಂದು ನಡೆಯುವ ಕ್ಲಾಸು. ಕಲಿಸುವವಳು ಮೊರೀನ್, ಶಾಲೆಯಿಂದ ನಿವೃತ್ತಳಾದವಳು. ಕೆಂಪು ಚೌಕಟ್ಟಿನ ಕನ್ನಡಕ, ಮಾತಾಡುವಾಗ ಎರಡೂ ಕೈ ಗಾಳಿಯಲ್ಲಿ. ಚಿತ್ರಾಕ್ಷಿ ಕರೆದಳೆಂದು ಶರಣಮ್ಮ ಸೇರಿದ್ದು. ಚಿತ್ರಾಕ್ಷಿ ಉಡುಪಿ ಕಡೆಯವಳು, ಮೂವತ್ತು ವರ್ಷ ನರ್ಸಾಗಿದ್ದವಳು, ಮನೆಯಲ್ಲಿ ತುಳು, ಇವಳೊಂದಿಗೆ ಬೆಂಗಳೂರು ಕನ್ನಡ, ಸಿಟ್ಟು ಬಂದರೆ ಇಂಗ್ಲಿಷು. ಹೊಲಿಗೆ ಕ್ಲಾಸು ತುಂಬಿಹೋಗಿದೆ, ಇದರಲ್ಲಿ ಜಾಗ ಉಂಟಂತೆ ಎಂದಿದ್ದಳು. ಇದು ಎಂದರೆ ಹಳೆಯ ಇಸ್ರೇಲಿನ ಜನ ಗುಡ್ಡದ ಮೇಲೆ, ಹಸಿರು ಗಿಡಗಳ ಕೆಳಗೆ, ಏನೇನನ್ನು ಪೂಜಿಸುತ್ತಿದ್ದರು ಎನ್ನುವುದು. ದೇವರು ಒಬ್ಬನೇ, ಗುಡಿಯೂ ಒಂದೇ ಎಂದು ಪ್ರವಾದಿಗಳು ಗಂಟಲು ಹರಿದುಕೊಂಡರೂ ಜನ ಕೇಳಲಿಲ್ಲವಂತೆ. ಊರೂರ ಗುಡ್ಡದ ಮೇಲೆ ಒಂದು ನಿಲ್ಲಿಸಿದ ಕಲ್ಲು, ಒಂದು ಬಲಿಗಟ್ಟೆ, ಪಕ್ಕಕ್ಕೆ ಒಂದು ಗಿಡ ಅಥವಾ ಕಡೆದ ಮರದ ಕಂಬ; ಕಂಬಕ್ಕೆ ಅಶೇರಾ ಎಂದು ಹೆಸರು, ಅವಳು ದೇವಿ. ರಾಜರ ಕಥೆ ಬರೆದವರು ಒಬ್ಬೊಬ್ಬ ರಾಜನ ಬಗ್ಗೆಯೂ ಕೊನೆಗೆ ಅದೇ ಗೊಣಗಾಟ ಗೊಣಗುತ್ತಾರಂತೆ: ಒಳ್ಳೆಯವನೇ, ಆದರೆ ಗುಡ್ಡದ ಮೇಲಿನವನ್ನು ಮಾತ್ರ ತೆಗೆಸಲಿಲ್ಲ. ಮೊರೀನ್ ಇದನ್ನು ಹೇಳಿದಾಗ ಶರಣಮ್ಮನಿಗೆ ತನ್ನ ಅತ್ತೆಯ ದನಿ ಕೇಳಿದ ಹಾಗಾಗಿತ್ತು. ಸೊಸೆ ಒಳ್ಳೆಯವಳೇ, ಆದರೆ.

ಮನೆಗೆ ಬಂದು ಗಂಡನಿಗೆ ಪಾಠ ಒಪ್ಪಿಸುವುದು ರೂಢಿಯಾಯಿತು. ವಾಲ್ವ್ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತನಾದ ಮನುಷ್ಯ, ಚಹಾ ಹಿಡಿದು ಕೂತು ಕೇಳುತ್ತಿದ್ದ. ಯೋಷೀಯ ಎಂಬ ರಾಜ ಎಲ್ಲವನ್ನೂ ಒಡೆಸಿ, ಕಂಬ ಸುಟ್ಟು, ಬೂದಿ ಮಾಡಿ ತೂರಿದ ಎಂದ ದಿನ ಮೊಣಕಾಲು ತಟ್ಟಿಕೊಂಡು ಅಂವ ನಮ್ಮಂವ ಎಂದ. ಬಸವ ಜಯಂತಿಗೆ ಲೀಡ್ಸಿನಲ್ಲಿ ಸೇರಿದವರೆದುರು ಅದನ್ನೇ ಅರ್ಧ ತಾಸು ಮಾತಾಡಿ ಚಪ್ಪಾಳೆ ಗಿಟ್ಟಿಸಿದ. ಅಂಗೈಯ ಮೇಲಿನ ಲಿಂಗ ಒಂದೇ ದೇವರು, ಕಲ್ಲಿಗೆ ಗಿಡಕ್ಕೆ ಕೈಮುಗಿಯುವವರು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳಬಾರದು. ಮುಂದಿನ ಸಾಲಿನಲ್ಲಿ ಕೂತು ಶರಣಮ್ಮ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಅವಳ ಎಡಗೈ ಉಗುರಿನ ಸಂದಿಯಲ್ಲಿ ಆವತ್ತು ಬೆಳಿಗ್ಗೆ ಎಷ್ಟು ಉಜ್ಜಿದರೂ ಹೋಗದ ಕೆಂಪು ಇತ್ತು.

ಮೊದಲು ಮಾಡಿದ ತಪ್ಪು ಅದಲ್ಲ. ಮೊದಲಿನದು ಅಕ್ಟೋಬರಿನಲ್ಲಿ, ಕ್ಲಾಸಿನಲ್ಲೇ ಆದದ್ದು. ನಿಮ್ಮಲ್ಲಿ ಇಂಥ ಬನಗಳಿವೆಯೇ ಎಂದು ಮೊರೀನ್ ಇಬ್ಬರನ್ನೂ ಕೇಳಿದಳು. ಚಿತ್ರಾಕ್ಷಿ ಒಂದಿಷ್ಟೂ ಅಳುಕದೆ ಎದ್ದು ನಿಂತು ತಮ್ಮ ಮನೆಯ ನಾಗಬನದ ಸಂಗತಿ ಹೇಳಿದಳು. ಅಲ್ಲಿ ಒಂದು ಎಲೆ ಕೀಳುವಂತಿಲ್ಲ, ಬಿದ್ದ ಕಟ್ಟಿಗೆ ತರುವಂತಿಲ್ಲ, ಮಕ್ಕಳು ಉಚ್ಚೆ ಹೊಯ್ದರೂ ನಾಗನಿಗೆ ಹಾಲಿನ ತನು ಎರೆಯಬೇಕು. ಎಲ್ಲರೂ ಪೆನ್ನು ತೆಗೆದು ಬರೆದುಕೊಂಡರು. ನೀವು ಎಂದು ಮೊರೀನ್ ಈ ಕಡೆ ತಿರುಗಿದಾಗ ಶರಣಮ್ಮನ ಬಾಯಿಂದ ಗಂಡನ ಮಾತು ಹೊರಬಂತು: ನಮ್ಮಲ್ಲಿ ಇಲ್ಲ, ನಮಗೆ ಒಬ್ಬನೇ, ಅಂಗೈಯ ಮೇಲೆ. ಅಲ್ಲಿಗೆ ನೀವು ಪ್ರವಾದಿಗಳ ಪಕ್ಷ ಎಂದು ಮೊರೀನ್ ಹಿಗ್ಗಿದಳು, ಬ್ಯಾರಿ ಎಂಬ ನಿವೃತ್ತ ಪೋಸ್ಟ್‌ಮ್ಯಾನ್ ಹೆಬ್ಬೆರಳು ಎತ್ತಿ ತೋರಿಸಿದ. ಕೆನ್ನೆ ಬೆಚ್ಚಗಾದವು. ಒಂದು ನಿಮಿಷ ಬಲು ಹೆಮ್ಮೆ. ಮರು ನಿಮಿಷ ಊರು ನೆನಪಾಯಿತು. ಮುದ್ದೇಬಿಹಾಳದಾಚೆ ಅವಳ ತವರಿನ ಗುಡ್ಡದ ಮೇಲೆ ಬೇವಿನ ಗಿಡ, ಬುಡದಲ್ಲಿ ಗುಡ್ಡವ್ವ. ಮೂಗಿಲ್ಲ, ಕಣ್ಣಿಲ್ಲ, ಬರೀ ಕಲ್ಲು. ಕೊರಳಲ್ಲಿ ಲಿಂಗವಿದ್ದ ಅವಳ ಅವ್ವ ಮಂಗಳವಾರ ಹೋಳಿಗೆ ಕಟ್ಟಿಕೊಂಡು ಹೋಗಿ ಅದಕ್ಕೆ ಊಟ ಮಾಡಿಸಿ, ಮಕ್ಕಳ ಜ್ವರ, ಸೊಸೆಯ ಮುನಿಸು, ಎಮ್ಮೆಯ ಕೆಚ್ಚಲು ಬಾವು ಎಲ್ಲ ಹೇಳಿಕೊಂಡು ಹಗುರಾಗಿ ಇಳಿದು ಬರುತ್ತಿದ್ದಳು. ಮಗಳು ಇಲ್ಲ ಎಂದಳಲ್ಲ. ಯಾರೂ ಕೊರಳಿಗೆ ಕತ್ತಿ ಇಟ್ಟಿರಲಿಲ್ಲ. ಕೇಳಿದವಳು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಬಿಸ್ಕೀಟು ತಿನ್ನುತ್ತಿದ್ದಳು. ಆದರೂ ಇಲ್ಲ ಎಂದಳು.

ಮುಂದಿನ ಮಂಗಳವಾರ ಬಸ್ಸು ಹತ್ತಿ, ಉಳಿದ ದಾರಿ ನಡೆದು, ಕ್ಯಾಸಲ್ ಹಿಲ್ ಏರಿದಳು. ಯಾಕೆಂದು ಆಗ ಗೊತ್ತಿರಲಿಲ್ಲ. ಮೇಲೆ ಕರಿ ಕಲ್ಲಿನ ಟವರು, ಬೀಸುವ ಗಾಳಿ, ಕೆಳಗೆ ಇಡೀ ಊರು. ಟವರಿನಿಂದ ದೂರ, ಹಳೆಯ ಕೋಟೆಯ ಮಣ್ಣಿನ ದಿಬ್ಬದಾಚೆ, ಒಂಟಿ ಹಾಥಾರ್ನ್ ಗಿಡ, ಮೈತುಂಬ ಮುಳ್ಳು, ಗಾಳಿಗೆ ಒಂದೇ ಕಡೆ ಬಾಗಿ ನಿಂತದ್ದು. ಬುಡದಲ್ಲಿ ಮೊಣಕಾಲೆತ್ತರದ ಕಲ್ಲು. ಪರ್ಸಿನಲ್ಲಿ ಕುಂಕುಮದ ಸಣ್ಣ ಡಬ್ಬಿ ಇತ್ತು. ಕೈ ಅದರ ಪಾಡಿಗೆ ಅದು ಕೆಲಸ ಮಾಡಿತು. ತಪ್ಪಾತವ್ವಾ ಎಂದಳು, ಗಟ್ಟಿಯಾಗಿ, ಯಾರ್ಕ್‌ಶೈರಿನ ಆಕಾಶದ ಕೆಳಗೆ. ಎಂದವಳಿಗೆ ಎದೆಯೊಳಗೆ ಏನೋ ಸಡಿಲಾಗಿ ಎಂಥ ನಗು ಬಂತೆಂದರೆ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟಳು. ಗುಡ್ಡದ ಪೂಜೆ ಎಷ್ಟು ಕೆಟ್ಟದ್ದು ಎಂದು ಪ್ರವಾದಿಗಳು ಬೈದದ್ದನ್ನು ಓದಿ ಓದಿ, ಅದನ್ನು ಮಾಡುವುದು ಹೇಗೆಂದು ಕಲಿತವಳು ಜಗತ್ತಿನಲ್ಲಿ ತಾನೊಬ್ಬಳೇ ಇರಬೇಕು.

ಆಮೇಲೆ ಒಂದು ಮಂಗಳವಾರವೂ ತಪ್ಪಲಿಲ್ಲ. ಹನ್ನೆರಡಕ್ಕೆ ಗುಡ್ಡ, ಎರಡಕ್ಕೆ ಕ್ಲಾಸು. ಮಳೆಗೆ ತೊಳೆದುಹೋಗಬಾರದೆಂದು ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಒಯ್ಯತೊಡಗಿದಳು. ಹೋಳಿಗೆ ಒಯ್ದಳು, ಕಂದು ಬಣ್ಣದ ಸ್ಪ್ಯಾನಿಯಲ್ ನಾಯಿಯೊಂದು ಅದನ್ನು ತಿಂದು ಬಾಯಿ ನೆಕ್ಕಿಕೊಂಡಿತು, ನಾಯಿಯ ಒಡತಿ ಓಡಿ ಬಂದು ಕ್ಷಮೆ ಕೇಳಿ, ಮರುವಾರ ನಾಯಿ ಈ ಕಡೆಗೇ ಎಳೆಯುತ್ತದೆ ಎಂದು ದೂರಿದಳು. ಕಲ್ಲಿನ ಮುಂದೆ ಕೂರುವ ಮೊದಲು ಶರಣಮ್ಮ ಮಾತ್ರ ಒಂದು ಕೆಲಸ ಮರೆಯುತ್ತಿರಲಿಲ್ಲ. ಕೊರಳ ದಾರದಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಅದನ್ನು ಕೋಟಿನ ಒಳಗಿನಿಂದಲೇ ಸರಿಸಿ ಬೆನ್ನ ಮೇಲೆ ಹಾಕಿಕೊಳ್ಳುತ್ತಿದ್ದಳು, ಅದಕ್ಕೆ ಕಾಣದಿರಲೆಂದು. ಎಲ್ಲ ಕಾಣುವವನಿಗೆ ಕೋಟಿನ ಬಟ್ಟೆ ಅಡ್ಡಿಯೇ ಎಂದು ಅವಳಿಗೂ ಗೊತ್ತು. ಆದರೂ ಒಂದು ಮರ್ಯಾದೆ. ಇಳಿಯುವಾಗ ಮುಂದಕ್ಕೆ ತಂದುಕೊಂಡು, ಬಸ್ಸಿನಲ್ಲಿ ಕಿಟಕಿಯ ಗಾಜಿನಲ್ಲಿ ತನ್ನ ಮುಖ ನೋಡಿದರೆ ಕಣ್ಣು ಮಿಂಚುತ್ತಿದ್ದವು. ಡಿಡ್ಸ್‌ಬರಿಯಿಂದ ಮಗನ ಮಗಳು ಮೇಧಾ ಬಂದಾಗ ಸುಮ್ಮನೆ ನೋಡುತ್ತ ಕೂತು, "ಅಜ್ಜಿ, ಹ್ಯಾವ್ ಯು ಗಾಟ್ ಎ ಬಾಯ್‌ಫ್ರೆಂಡ್?" ಎಂದು ಕೇಳಿದ್ದಳು. ಪಕ್ಕದಲ್ಲಿ ಪೇಪರು ಓದುತ್ತಿದ್ದ ಸಂಗನಬಸಪ್ಪ ಪೇಪರು ಕೆಳಗಿಳಿಸಲಿಲ್ಲ. ಹದಿನಾರರ ಹುಡುಗಿಯ ಮಾತಿಗೆ ಶರಣಮ್ಮನ ಕೈಯಿಂದ ಸೌಟು ಬಿತ್ತು.

ಕಾರು ಗುಡ್ಡದ ದಾರಿ ಹಿಡಿದಿತ್ತು. ಅಂವ ಎರಡನೇ ಗೇರಿನಲ್ಲಿ ಹೋಗುತ್ತ, ಇಂಥ ಜಾಗದಾಗ ಯಾರಿಗರೆ ದೇವರ ನೆನಪ ಆಗ್ತದ, ಅದಕ್ಕ ಕಲ್ಲ ಯಾಕ ಬೇಕು ಎನ್ನುತ್ತಿದ್ದ. ಕೊನೆಯ ಕ್ಲಾಸು ಗುಡ್ಡದ ಮೇಲೇ ನಡೆಯಲಿ, ಮನೆಯವರನ್ನೂ ಕರೆತನ್ನಿ ಎಂದು ಮೊರೀನ್ ಹೇಳಿದ್ದಳು. ಹೋದ ವಾರ. ಹೋದ ವಾರ ಅವಳು ಇನ್ನೊಂದು ಕಥೆಯನ್ನೂ ಹೇಳಿದ್ದಳು: ಊರು ಹಾಳಾಗಿ ಈಜಿಪ್ಟಿಗೆ ಓಡಿಹೋದ ಜನರಿಗೆ, ನಿಮ್ಮ ವಿಗ್ರಹಗಳಿಂದಲೇ ಹೀಗಾಯಿತು ಎಂದು ಪ್ರವಾದಿ ಬೈದಾಗ, ಹೆಂಗಸರು ಎದುರು ನಿಂತು ಹೇಳಿದರಂತೆ, ಆಕಾಶದ ರಾಣಿಗೆ ರೊಟ್ಟಿ ಸುಡುತ್ತಿದ್ದಾಗ ನಮಗೇನೂ ಕಡಿಮೆ ಇರಲಿಲ್ಲ, ಬಿಟ್ಟ ಮೇಲೆಯೇ ಎಲ್ಲ ಹೋಯಿತು; ಅಲ್ಲದೆ ನಮ್ಮ ಗಂಡಂದಿರಿಗೆ ಗೊತ್ತಿಲ್ಲದೆ ಸುಟ್ಟೆವೇನು? ಶರಣಮ್ಮ ಗಟ್ಟಿಯಾಗಿ ನಕ್ಕಿದ್ದಳು, ಎಲ್ಲರೂ ತಿರುಗಿ ನೋಡುವಷ್ಟು. ನಗು ನಿಲ್ಲದೆ ಬಿಕ್ಕಳಿಕೆ ಹತ್ತಿ, ಬ್ಯಾರಿ ನೀರು ತಂದುಕೊಟ್ಟು, ಬೆನ್ನು ತಟ್ಟಲೋ ಬೇಡವೋ ಎಂದು ಕೈ ಎತ್ತಿ ಹಾಗೇ ನಿಂತಿದ್ದ. ಎರಡೂವರೆ ಸಾವಿರ ವರ್ಷದ ಹಿಂದಿನ ಆ ಹೆಂಗಸರನ್ನು ಆಗ ಅಪ್ಪಿಕೊಳ್ಳಬೇಕೆನ್ನಿಸಿತ್ತು. ಈಗ ಕಾರಿನಲ್ಲಿ ಅದು ಬರಿಯ ಬಾಯಿಬಡುಕತನ ಅನ್ನಿಸಿತು. ಅವರು ಗುಂಪಿನಲ್ಲಿದ್ದರು. ಅವರ ಗಂಡಂದಿರು ಲೀಡ್ಸಿನಲ್ಲಿ ಭಾಷಣ ಮಾಡಿದವರಲ್ಲ.

ಮೇ ತಿಂಗಳ ಕೊನೆ. ಒಂಬತ್ತು ಜನ ಸೇರಿದ್ದರು. ಗಾಳಿಗೆ ಮೊರೀನಳ ಕಾಗದಗಳು ಹಾರಿದವು, ಬ್ಯಾರಿ ಅವುಗಳ ಹಿಂದೆ ಓಡಿದ. ಮೊಣಕಾಲು ನೋವು, ಇಲ್ಲೇ ಟವರಿನ ಹತ್ತಿರ ಕೂರೋಣ ಎಂದು ಶರಣಮ್ಮ ಹೇಳಿ ನೋಡಿದಳು. ನಿನಗ ಯಾವಾಗಿಂದ ಮೊಣಕಾಲ ಎಂದು ಸಂಗನಬಸಪ್ಪ ಕೇಳಿದ. ಚಹಾ ಫ್ಲಾಸ್ಕು ಕಾರಿನಲ್ಲಿದೆ, ಮೊದಲು ಚಹಾ ಆಗಲಿ ಎಂದಳು. ಚಹಾ ಆಮೇಲೆ ಎಂದು ಮೊರೀನ್ ದಿಬ್ಬದ ಕಡೆ ಹೊರಟೇಬಿಟ್ಟಳು, ಇಲ್ಲಿ ಒಂದು ಕಟ್ಟೆ ಇತ್ತೆಂದು ಊಹಿಸಿ, ಇಲ್ಲೊಂದು ಕಲ್ಲು ನಿಲ್ಲಿಸಿ, ಇಲ್ಲೊಂದು ಹಸಿರು ಗಿಡ ಎಂದು ಕೈಯಲ್ಲಿ ಗಾಳಿಗೆ ಗೆರೆ ಎಳೆಯುತ್ತ. ಎಳೆಯುತ್ತ ಎಳೆಯುತ್ತ ಅವಳ ಕೈ ಅಲ್ಲೇ ನಿಂತಿತು. ಹಾಥಾರ್ನ್ ಮೈತುಂಬ ಬಿಳಿ ಹೂ ಬಿಟ್ಟಿತ್ತು. ಬುಡದಲ್ಲಿ ಕಲ್ಲು ಕೆಂಪಗೆ, ಎಣ್ಣೆ ಹೊಳೆಯುತ್ತ, ಮೇಲೆ ಅರಿಶಿನದ ಬೊಟ್ಟು, ಕೊಂಬೆಗೆ ಹಸಿರು ಬಳೆ ಎರಡು.

ಮೊರೀನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮೂವತ್ತು ವರ್ಷ ಚಿತ್ರ ತೋರಿಸಿ ಪಾಠ ಮಾಡಿದವಳ ಮುಂದೆ ಪಾಠವೇ ಎದ್ದು ಬಂದು ಕೂತಿತ್ತು. ಒಬ್ಬರು ಇದು ಯೂನಿವರ್ಸಿಟಿ ಹುಡುಗರ ಚೇಷ್ಟೆ ಎಂದರು, ಇನ್ನೊಬ್ಬರು ಹುಣ್ಣಿಮೆಗೆ ಬೆತ್ತಲೆ ಕುಣಿಯುವವರು ಇದ್ದಾರಂತೆ, ಅವರದ್ದು ಎಂದರು. ಇದು ರಕ್ತವೇ ಎಂದು ಬ್ಯಾರಿ ಬೆರಳಿಟ್ಟು ಮೂಸಿ ನೋಡಿ, ಕೊಬ್ಬರಿ ಬಿಸ್ಕೀಟಿನ ವಾಸನೆ ಎಂದ. ಬೆತ್ತಲೆ ಕುಣಿಯುವವರು ಎಂದದ್ದಕ್ಕೆ ಶರಣಮ್ಮನ ಹೊಟ್ಟೆಯಿಂದ ನಗು ಮೇಲೇರತೊಡಗಿತು. ತುಟಿ ಕಚ್ಚಿಕೊಂಡು ಆಕಾಶ ನೋಡಿದಳು. ಚಿತ್ರಾಕ್ಷಿ ಬಗ್ಗಿ ಶೂ ದಾರ ಕಟ್ಟುವ ನೆಪ ಮಾಡಿ, ಕೆಳಗಿಂದಲೇ, "ಶರಣಕ್ಕಾ, ಬಳೆ ನಾನು ಉಗಾದಿಗೆ ಕೊಟ್ಟದ್ದಲ್ವಾ ಮಾರಾಯ್ರೆ?" ಎಂದು ಪಿಸುಗುಟ್ಟಿದಳು.

ಸಂಗನಬಸಪ್ಪ ಹಿಂದಿನಿಂದ ಬಂದ. ಜನ ದಾರಿ ಬಿಟ್ಟರು. ಅಂವ ಕಲ್ಲು ನೋಡಿದ, ಬಳೆ ನೋಡಿದ, ಹೆಂಡತಿಯ ಕಡೆ ಮಾತ್ರ ನೋಡಲಿಲ್ಲ. ಈಗ ಬರುತ್ತದೆ ಲೀಡ್ಸಿನ ಭಾಷಣ ಎಂದು ಅವಳು ಕಾದಳು. ನಮ್ಮ ದೇಶದ ಅಜ್ಞಾನಿಗಳ ಕೆಲಸ ಎನ್ನುತ್ತಾನೆ, ಕುಂಕುಮ ಎಂದರೇನೆಂದು ಈ ಒಂಬತ್ತು ಜನರಿಗೆ ಬಿಡಿಸಿ ಹೇಳುತ್ತಾನೆ. ಅಂವ ಗಂಟಲು ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ, ಇದು ಪೇಂಟ್ ಎಂದ. ಹುಡುಗರು ಪೇಂಟ್ ಹಚ್ಚಿದ್ದಾರೆ, ಏನೂ ಇಲ್ಲ ಇದರಲ್ಲಿ, ನಾನು ತೊಳೆದುಬಿಡುತ್ತೇನೆ, ನೀವೆಲ್ಲ ಮುಂದೆ ನಡೆಯಿರಿ. ಕೋಟು ಬಿಚ್ಚಿ ಚಿತ್ರಾಕ್ಷಿಯ ಕೈಗೆ ಕೊಟ್ಟು, ನೀರಿನ ಬಾಟಲಿಯ ಮುಚ್ಚಳ ತಿರುವಿ, ಎಪ್ಪತ್ತರ ಮೊಣಕಾಲನ್ನು ಹುಲ್ಲಿಗೆ ಊರಿ ಕೂತ.

ಶರಣಮ್ಮನ ತಲೆಯಲ್ಲಿ ಗಾಳಿ ನಿಂತುಹೋಯಿತು. ಪೇಂಟ್. ಅಂವ ಸುಳ್ಳು ಹೇಳಿದ. ನಲವತ್ತೊಂದು ವರ್ಷದಲ್ಲಿ ಒಂದು ಸಲ, ಅವಳು ಮಾಡಿದ ಸಾರು ಚೆನ್ನಾಗಿದೆ ಎಂದಾದರೂ, ಸುಳ್ಳು ಹೇಳಿದವನಲ್ಲ. ಹುಟ್ಟಿದಾರಭ್ಯ ಕುಂಕುಮ ನೋಡಿದವನು, ಅವಳ ಹಣೆಯ ಮೇಲೆ ದಿನವೂ ನೋಡುವವನು, ಪೇಂಟ್ ಎಂದು ಪೋಸ್ಟ್‌ಮ್ಯಾನ್ ಒಬ್ಬನಿಗೆ ಹೇಳುತ್ತಿದ್ದಾನೆ. ಗೊತ್ತಿದೆ ಹಾಗಾದರೆ. ಒಡೆಯುವುದಕ್ಕೆ ಕೂತವನಲ್ಲ, ಮುಚ್ಚುವುದಕ್ಕೆ ಕೂತವನು. ಅವಳ ಮಾನ ಈ ಜನರೆದುರು ಹೋಗದಿರಲೆಂದು. ಸುಮ್ಮನಿದ್ದರೆ ಐದು ನಿಮಿಷದಲ್ಲಿ ಎಲ್ಲ ತೊಳೆದುಹೋಗುತ್ತದೆ, ಚಹಾ ಕುಡಿದು ಮನೆಗೆ ಹೋಗಬಹುದು, ನಾಳೆ ಬೆಳಿಗ್ಗೆ ಇಬ್ಬರೂ ಪಕ್ಕಪಕ್ಕ ಕೂತು ಅಂಗೈಯಲ್ಲಿ ಲಿಂಗ ಹಿಡಿಯಬಹುದು. ಒಂದು ಇಲ್ಲ ಎಂದದ್ದಕ್ಕೆ ಇನ್ನೊಂದು ಇಲ್ಲ. ಅಷ್ಟೇ ಖರ್ಚು.

ಎಣ್ಣೆಯ ಕುಂಕುಮ ನೀರಿಗೆ ಜಗ್ಗಲಿಲ್ಲ. ಅಂವ ಕರವಸ್ತ್ರದಿಂದ ಉಜ್ಜಿದಷ್ಟೂ ಕೆಂಪು ಹರಡಿ, ಈವರೆಗೆ ಬೂದಿ ಬಣ್ಣವಿದ್ದ ಮಗ್ಗುಲಿಗೂ ಹತ್ತಿತು, ಕಲ್ಲು ತುದಿಯಿಂದ ಬುಡದವರೆಗೆ ಮದುವಣಗಿತ್ತಿಯಾಯಿತು. ಅಂಗೈ, ಮುಂಗೈ, ಅಂಗಿಯ ತೋಳು, ಟೈ ತುದಿ ಎಲ್ಲ ಕೆಂಪು. ಇನ್ನಷ್ಟು ನೀರು ಸುರಿದು ಬಾಗಿ ಎರಡೂ ಕೈಯಿಂದ ಸವರಿದ. ಮೇಲಿನ ಕೊಂಬೆ ಅಲ್ಲಾಡಿ ಬಿಳಿ ಹೂ ಅವನ ಬೋಳು ತಲೆಯ ಮೇಲೂ ಕಲ್ಲಿನ ಮೇಲೂ ಉದುರಿದವು. ಮುಂದೆ ನಡೆಯಬೇಕಾದವರು ಯಾರೂ ನಡೆದಿರಲಿಲ್ಲ. ಮೊರೀನ್ ಬಲು ಮೆಲ್ಲಗೆ ಬ್ಯಾರಿಯ ಕಿವಿಯಲ್ಲಿ, ಮಾತಾಡಬೇಡ, ಪೂಜೆ ನಡೆದಿದೆ ಎಂದಳು. ಬ್ಯಾರಿ ಟೋಪಿ ತೆಗೆದ.

ಅಲ್ಲಿಗೆ ಶರಣಮ್ಮನ ಕಟ್ಟೆ ಒಡೆಯಿತು. ನಕ್ಕಳು. ಬಿಕ್ಕಿ ಬಿಕ್ಕಿ, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಹುಲ್ಲು ಆಕಾಶ ಟವರು ಎಲ್ಲ ಒಂದು ಸುತ್ತು ಸುತ್ತಿದವು. ಸಂಗನಬಸಪ್ಪ ತಲೆ ಎತ್ತಿ, ಮೊದಲ ಸಲ, ಅವಳನ್ನು ನೋಡಿದ. ಸುಮ್ಮನಿರು ಎನ್ನುವ ನೋಟ. ಆ ನೋಟ ನೋಡುತ್ತಲೇ ಅವಳು, ಕ್ಲಾಸಿನಲ್ಲಿ ಉತ್ತರ ಹೇಳುವಾಗ ಎದ್ದು ನಿಲ್ಲುವ ಹಾಗೆ ಸೆಟೆದು ನಿಂತು, "ನಾಟ್ ಪೇಂಟ್. ಇಟ್ ಈಸ್ ಮೈನ್. ಐ ಪುಟ್ ಇಟ್," ಎಂದಳು. ಅಕ್ಟೋಬರಿನಲ್ಲಿ ನೀವು ಕೇಳಿದಾಗ ಇಲ್ಲ ಎಂದಿದ್ದೆ, ನಮ್ಮಲ್ಲೂ ಇದೆ, ನಮ್ಮವ್ವನ ಊರಿನ ಗುಡ್ಡದಲ್ಲಿದೆ ಎಂದು ಮೊರೀನಳಿಗೆ ಮುರುಕು ಇಂಗ್ಲಿಷಿನಲ್ಲಿ ಅಷ್ಟನ್ನೂ ಹೇಳಿ ಮುಗಿಸಿದಳು. ಹೇಳುವಷ್ಟು ಹೊತ್ತೂ ನಗು ನಿಲ್ಲಲಿಲ್ಲ. ಮೊರೀನ್ ಏನೋ ಹೇಳಲು ಬಾಯಿ ತೆರೆದು, ಗಂಡಹೆಂಡಿರ ಮುಖ ನೋಡಿ, ಉಳಿದವರನ್ನು ಕೈಬೀಸಿ ನಾಲ್ಕು ಹೆಜ್ಜೆ ಆಚೆ ಕರೆದೊಯ್ದಳು. ಚಿತ್ರಾಕ್ಷಿ ಕೋಟು ಹಿಡಿದು ಅತ್ತ ಹೋಗಲೋ ಇತ್ತ ನಿಲ್ಲಲೋ ಎಂದು ನಿಂತಳು.

"ಪೇಂಟ್ ಅಂತ ಹೇಳಿದ್ನಲ್ಲ," ಎಂದ ಸಂಗನಬಸಪ್ಪ.

"ನಿಮಗ ಯಾವಾಗ ಗೊತ್ತಾತು?"

"ಮನ್ಯಾಗ ತಿಂಗಳಿಗೊಂದು ಕುಂಕುಮದ ಡಬ್ಬಿ ಖಾಲಿ ಆಗ್ತದ. ಹಣಿ ಮ್ಯಾಲ ನೋಡಿದ್ರ ಸಾಸಿವಿಯಷ್ಟ ಬೊಟ್ಟು. ನಾ ಏನ ಕುರುಡ ಅದೀನಿ?" ಎಂದವನು ಕೆಂಪು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯಿಂದ ದೂರ ಹಿಡಿದುಕೊಂಡ. ಆಮೇಲೆ, ಬೇರೆಯೇ ದನಿಯಲ್ಲಿ, "ಕೊರಳಾಗ ಲಿಂಗ ಐತಿ, ಶರಣೂ," ಎಂದ.

ಅದು ಭಾಷಣವಲ್ಲ. ನೋವಾದ ಮನುಷ್ಯನ ಮಾತು. ಅವಳ ನಗು ತಾನಾಗಿ ನಿಂತಿತು. ಇವತ್ತು ಗಡಿಬಿಡಿಯಲ್ಲಿ ಕರಡಿಗೆಯನ್ನು ಬೆನ್ನಿಗೆ ಸರಿಸಿರಲಿಲ್ಲ. ಅದು ಎದೆಯ ಮೇಲೇ ಇತ್ತು, ಬೆಚ್ಚಗೆ, ಎಲ್ಲವನ್ನೂ ನೋಡುತ್ತ. ಕೈಯಿಂದ ಅದನ್ನು ಮುಟ್ಟಿಕೊಂಡಳು.

"ಐತ್ರಿ," ಎಂದಳು. "ಇಕಿನೂ ಅದಾಳ."

 ಕೆಳಗೆ ಊರಿನಲ್ಲಿ ಒಂದು ರೈಲು ಹೊರಟ ಸದ್ದು ಬಂತು, ಬಂದು ಹೋಯಿತು. ಎದ್ದು ಕಾರಿನ ಕಡೆ ನಡೆದುಬಿಡುತ್ತಾನೆ ಎಂದುಕೊಂಡಳು; ನಡೆದರೆ ನಡೆಯಲಿ, ಬಸ್ಸಿದೆ ಎಂದೂ ಅಂದುಕೊಂಡು, ತನ್ನ ಧೈರ್ಯಕ್ಕೆ ತಾನೇ ಬೆದರಿದಳು. ಅಂವ ಎದ್ದಿರಲಿಲ್ಲ. ಬಾಟಲಿಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿ, ಖಾಲಿ ಎಂದು ಖಾತ್ರಿ ಮಾಡಿಕೊಂಡು, ಪಕ್ಕಕ್ಕಿಟ್ಟು, ಕಲ್ಲನ್ನು ದಿಟ್ಟಿಸುತ್ತಿದ್ದ, ಕಾರ್ಖಾನೆಯಲ್ಲಿ ಬಿಚ್ಚಿ ಹಾಕಿದ ವಾಲ್ವಿನ ಮುಂದೆ ಕೂತ ಹಾಗೆ. ಒಂದು ಕಡೆ ಕೆಂಪು, ಒಂದು ಕಡೆ ತೊಳೆದು ಅರ್ಧ, ನಡುವೆ ಕೆಸರಿನ ಗೀಟು. ಹಿಂಗ ಅರ್ಧಾ ಬಿಡೂದು ಚಲೋ ಅಲ್ಲ ಎಂದು ತನ್ನಷ್ಟಕ್ಕೆ ಗೊಣಗಿಕೊಂಡು ಕೈ ಚಾಚಿದ. ನಿನ್ನ ಬಾಟ್ಲಿ ಕೊಡು.

ಶರಣಮ್ಮ ಚೀಲದಿಂದ ಬಾಟಲಿ ತೆಗೆದಳು. ಕೊಡಲಿಲ್ಲ.

"ಯಾಕ್ರಿ? ಅಳಸಾಕೋ, ಎರಿಯಾಕೋ?"

ಅಂವ ಚಾಚಿದ ಕೈ ಹಿಂತೆಗೆಯಲಿಲ್ಲ. ಹೂವೊಂದು ಕನ್ನಡಕದ ಗಾಜಿಗೆ ಅಂಟಿಕೊಂಡಿತ್ತು. ಒರೆಸಿಕೊಳ್ಳಲು ಕೈ ಸ್ವಚ್ಛ ಇರಲಿಲ್ಲ. ಕಲ್ಲಿನ ಈ ಕಡೆ ನೋಡಿದ, ಬಗ್ಗಿ ಆ ಕಡೆಯನ್ನೂ ನೋಡಿದ. ನೋಡಿ, ಅವಳ ಕಡೆ ತಿರುಗದೆ, ತಗ್ಗಿದ ದನಿಯಲ್ಲಿ ಕೇಳಿದ.

"ತಲಿ ಯಾವ ಕಡೆ?"

ಎಂಟು ತಿಂಗಳಲ್ಲಿ ಶರಣಮ್ಮ ಅದನ್ನು ಯೋಚಿಸಿರಲೇ ಇಲ್ಲ. ಕೈ ಹೋದಲ್ಲಿ ಕುಂಕುಮ ಹಚ್ಚಿದ್ದಳು, ಬಾಯಿಗೆ ಬಂದದ್ದು ಹೇಳಿಕೊಂಡಿದ್ದಳು, ಅಷ್ಟೇ. ಗಡಿಬಿಡಿಯಿಂದ ಕಲ್ಲಿನ ಸುತ್ತ ಒಂದು ಸುತ್ತು ಬಂದಳು, ಮುಳ್ಳಿಗೆ ಸೀರೆ ಸಿಕ್ಕಿ ಬಿಡಿಸಿಕೊಂಡಳು, ಕೊನೆಗೆ ಗಂಡನ ಪಕ್ಕ ಹುಲ್ಲಿನಲ್ಲಿ ಕೂತು, ಗಿಡದ ಕಡೆಗಿದ್ದ ತುದಿಯ ಮೇಲೆ ಅಂಗೈ ಇಟ್ಟು ತೋರಿಸಿದಳು.

"ಇಲ್ಲಿಂದ್ರಿ. ಸಾವಕಾಶ ಹಾಕ್ರಿ, ನೀರು ತಣ್ಣಗದ."